ಆಟೋಮ್ಯಾಟಿಕ್ ಎಸ್ಪ್ರೆಸೊ ಮಷೀನ್ ಲೆಕ್ಕ ಇಡುತ್ತೆ, ಕಣ್ಣಿಟ್ಟು ನೋಡ್ಬೇಕಾದವರು ನೀವು

ಒಂದು ಬಟನ್ ಒತ್ತಿದ್ರೆ ಸಾಕು, ಬೀಜ ಪುಡಿಯಾಗಿ, ಪುಡಿ ಒತ್ತಿ ಗಟ್ಟಿಯಾಗಿ, ಬಿಸಿನೀರು ಅದರೊಳಗೆ ಹಾದು ಕಪ್ಪಿಗೆ ಎಸ್ಪ್ರೆಸೊ ಇಳಿದು, ಉಳಿದ ಚರಟ ಬಿಲ್ಲೆ ಥರ ಒಳಗಿನ ಡಬ್ಬಕ್ಕೆ ದೊಪ್ ಅಂತ ಬೀಳುತ್ತಲ್ಲ, ಆ ಮಷೀನ್ ಬಗ್ಗೆ ಬರೀತಿದೀನಿ. ಮನೇಲಿ ಇದನ್ನ ಇಟ್ಕೊಂಡು ಕೆಲವು ವರ್ಷ ಆಯ್ತು, ಮಾಡಬಾರದ ತಪ್ಪೆಲ್ಲ ಮಾಡಿ ಮುಗಿಸಿದೀನಿ, ಅದಕ್ಕೇ ಇದು.

ಮೊದಲು ಒಂದು ವಿಷ್ಯ ತಲೇಲಿಟ್ಕೊಳ್ಳಿ, ಮುಂದಿಂದೆಲ್ಲ ಅದರ ಮೇಲೇ ನಿಂತಿದೆ. ಸ್ಕ್ರೀನ್ ಮೇಲೆ ಲೈಟು ಬರುತ್ತಲ್ಲ, ಚರಟ ತೆಗೀರಿ, ಸುಣ್ಣ ತೆಗೀರಿ, ಫಿಲ್ಟರ್ ಬದಲಾಯಿಸಿ ಅಂತ, ಅದ್ಯಾವುದೂ ಮಷೀನ್ ಒಳಗೆ ನೋಡಿ ಹೇಳ್ತಿರೋದಲ್ಲ. ಅದು ಎಣಿಸುತ್ತೆ ಅಷ್ಟೆ. ಎಷ್ಟು ಕಪ್ ಆಯ್ತು, ಎಷ್ಟು ನೀರು ಹೋಯ್ತು, ಎಷ್ಟು ಬಿಲ್ಲೆ ಬಿತ್ತು. ಲೆಕ್ಕ ತಪ್ಪಿದ್ರೆ ಲೈಟೂ ತಪ್ಪುತ್ತೆ. ಇನ್ನು ಕಾಫಿ ಜಿಡ್ಡು, ಬೂಷ್ಟು, ಹಾಲಿನ ಪೈಪಲ್ಲಿ ಅಂಟಿರೋ ಗಲೀಜು, ಹಳಸಿದ ಬೀಜ, ಇವುಗಳಿಗೆ ಎಷ್ಟೋ ಮಷೀನಲ್ಲಿ ಲೈಟೇ ಇಲ್ಲ.

ಚರಟದ ಡಬ್ಬದಿಂದಲೇ ಶುರು ಮಾಡೋಣ, ಯಾಕಂದ್ರೆ ಮೊದಲ ವಾರದಲ್ಲೇ ಎಲ್ಲರೂ ಎಡವೋದು ಇಲ್ಲೇ. ನಾನು ರಾತ್ರಿ ಮಷೀನ್ ಆಫ್ ಮಾಡಿ ಡಬ್ಬ ತೊಳೆದಿಟ್ಟು ಮಲಗ್ತಿದ್ದೆ, ಬೆಳಿಗ್ಗೆ ಎರಡು ಕಪ್ ಮಾಡೋಷ್ಟರಲ್ಲಿ ಡಬ್ಬ ತುಂಬಿದೆ ಅಂತ ಕೆಂಪು ಲೈಟು, ತೆಗೆದು ನೋಡಿದ್ರೆ ಒಳಗೆ ಎರಡೇ ಬಿಲ್ಲೆ. ಸೆನ್ಸರ್ ಹಾಳಾಗಿದೆ ಅಂತ ಸರ್ವಿಸ್‌ನವರಿಗೆ ಫೋನ್ ಮಾಡೋಕೂ ಹೊರಟಿದ್ದೆ. ವಿಷ್ಯ ಏನಂದ್ರೆ ಮಷೀನ್ ಆನ್ ಇದ್ದಾಗ ಡಬ್ಬ ಎಳೆದು, ಕೆಲವು ಸೆಕೆಂಡ್ ಹೊರಗಿಟ್ಟು, ವಾಪಸ್ ಹಾಕಿದ್ರೆ ಮಾತ್ರ ಅದರ ಲೆಕ್ಕ ಸೊನ್ನೆಗೆ ಬರುತ್ತೆ. ಆಫ್ ಇದ್ದಾಗ ತೆಗೆದ್ರೆ ಅದಕ್ಕೆ ಗೊತ್ತೇ ಆಗಲ್ಲ. ಉಲ್ಟಾನೂ ನಿಜ, ಆನ್ ಇದ್ದಾಗ ಡಬ್ಬ ಸುಮ್ನೆ ಎಳೆದು ನೋಡಿ ಖಾಲಿ ಮಾಡದೆ ಒಳಗೆ ತಳ್ಳಿದ್ರೆ ಖಾಲಿ ಆಯ್ತು ಅಂದ್ಕೊಳ್ಳುತ್ತೆ, ಆಮೇಲೆ ಬಿಲ್ಲೆಗಳು ಮೇಲೆ ಗುಡ್ಡೆ ಬಿದ್ದು ಒಳಗೆಲ್ಲ ಚರಟದ ಕೆಸರು. ಲೈಟು ಬರಲಿ ಬಿಡಲಿ ದಿನಾ ಖಾಲಿ ಮಾಡಿ, ಒದ್ದೆ ಚರಟ ಬೆಚ್ಚಗಿನ ಡಬ್ಬದಲ್ಲಿ ಎರಡು ಮೂರು ದಿನ ಕೂತ್ರೆ ಬೂಷ್ಟು ಬರೋಕೆ ಇನ್ನೇನೂ ಬೇಡ.

ಅದರ ಕೆಳಗಿನ ಡ್ರಿಪ್ ಟ್ರೇಲಿ ನೀರು ಜಾಸ್ತಿ ನಿಂತಿದ್ರೆ ಗಾಬರಿ ಬೇಡ. ಆನ್ ಮಾಡಿದಾಗ ಒಮ್ಮೆ, ಆಫ್ ಮಾಡಿದಾಗ ಒಮ್ಮೆ ಅದು ತನ್ನ ಬಾಯಿ ತಾನೇ ಮುಕ್ಕಳಿಸುತ್ತೆ, ಪ್ರತಿ ಕಪ್ ಆದ್ಮೇಲೂ ಒತ್ತಡ ಇಳಿಸೋಕೆ ಸ್ವಲ್ಪ ನೀರು ಒಳಗಡೆಯಿಂದಲೇ ಟ್ರೇಗೆ ಬಿಡುತ್ತೆ. ಲೀಕ್ ಅಲ್ಲ. ಆನ್ ಮಾಡಿದಾಗ ಬರೋ ಬಿಸಿನೀರನ್ನ ಕುಡಿಯೋ ಕಪ್ಪಲ್ಲೇ ಹಿಡಿದು ಚೆಲ್ಲಿ, ಕಪ್ ಬಿಸಿಯಾಗುತ್ತೆ, ಮೊದಲ ಕಾಫಿ ಆರಿಹೋಗಿದೆ ಅನ್ನೋ ದೂರು ಅರ್ಧ ಅಲ್ಲೇ ತೀರುತ್ತೆ.

ನೀರು

ಇಲ್ಲಿ ಸ್ವಲ್ಪ ಹೊತ್ತು ನಿಲ್ಬೇಕು. ಮಷೀನ್ ಬೇಗ ಸಾಯೋದಾದ್ರೆ ಮುಖ್ಯವಾಗಿ ಸುಣ್ಣದಿಂದ. ಗಡಸು ನೀರಲ್ಲಿ ಕರಗಿರೋ ಕ್ಯಾಲ್ಸಿಯಂ ಬಿಸಿ ಆದಾಗ ಬಿಳಿ ಪದರವಾಗಿ ಕೂರುತ್ತೆ, ನೀರು ಕಾಯಿಸೋ ಪಾತ್ರೆ ತಳದಲ್ಲಿ ನೋಡಿರ್ತೀರಲ್ಲ ಅದೇ. ಈ ಮಷೀನ್‌ಗಳಲ್ಲಿ ನೀರು ಬಿಸಿಯಾಗೋದು ಥರ್ಮೋಬ್ಲಾಕ್ ಅನ್ನೋ ಲೋಹದ ಗಟ್ಟಿಯೊಳಗಿನ ಸಣ್ಣ ಕೊಳವೇಲಿ, ಅಲ್ಲಿ ತೆಳ್ಳಗೆ ಒಂದು ಪದರ ಕೂತ್ರೂ ದಾರಿ ಕಿರಿದಾಗಿ ಪಂಪು ಏದುಸಿರು ಬಿಡುತ್ತೆ, ಬಿಸಿನೂ ನೀರಿಗೆ ಸರಿಯಾಗಿ ತಲುಪಲ್ಲ.

ಸುಣ್ಣದ ಲೈಟು ಯಾವಾಗ ಹತ್ತಬೇಕು ಅಂತ ಮಷೀನ್ ಎರಡು ಅಂಕಿ ಇಟ್ಕೊಂಡು ಲೆಕ್ಕ ಹಾಕುತ್ತೆ, ಒಳಗೆ ಹೋದ ನೀರೆಷ್ಟು, ಮೆನುವಲ್ಲಿ ನೀವು ಹೇಳಿರೋ ಗಡಸುತನ ಎಷ್ಟು. ಆ ಎರಡನೇ ಅಂಕಿ ಬಹಳ ಜನ ಮುಟ್ಟೋದೇ ಇಲ್ಲ, ಫ್ಯಾಕ್ಟರಿಯಿಂದ ಬಂದ ಹಾಗೇ ಇರುತ್ತೆ. ಬಾಕ್ಸ್ ಒಳಗೆ ಮ್ಯಾನುಯಲ್ ಜೊತೆ ಒಂದು ಸಣ್ಣ ಪೇಪರ್ ಪಟ್ಟಿ ಇರುತ್ತೆ ನೋಡಿ, ಎಷ್ಟೋ ಜನ ಅದನ್ನ ಬಾಕ್ಸ್ ಜೊತೇನೇ ಎಸೀತಾರೆ. ಅದನ್ನ ನಿಮ್ಮ ನೀರಲ್ಲಿ ಒಂದು ಸೆಕೆಂಡ್ ಅದ್ದಿ ತೆಗೆದು ಒಂದು ನಿಮಿಷ ಬಿಟ್ಟು ಎಷ್ಟು ಚೌಕ ಬಣ್ಣ ಬದಲಾಯ್ತು ಅಂತ ನೋಡಿ, ಆ ನಂಬರನ್ನ ಮೆನುಗೆ ಕೊಡಿ. ಪಟ್ಟಿ ಕಳೆದುಹೋಗಿದ್ರೆ ಅಕ್ವೇರಿಯಂಗೆ ಬಳಸೋ ಗಡಸುತನದ ಪಟ್ಟಿನೂ ನಡೆಯುತ್ತೆ. ಮ್ಯಾನುಯಲಲ್ಲಿ ಜರ್ಮನ್ ಡಿಗ್ರಿ ಲೆಕ್ಕ ಇದ್ರೆ 1 ಡಿಗ್ರಿ ಅಂದ್ರೆ ಸುಮಾರು 17.8 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ) ಅಂತ ಇಟ್ಕೊಳ್ಳಿ.

ಹಾಗಾದ್ರೆ ಸೀದಾ ಆರ್‌ಒ ನೀರೇ ಹಾಕಿಬಿಟ್ರೆ ಸುಣ್ಣದ ಕಾಟನೇ ಇಲ್ವಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಸುಣ್ಣ ಇಲ್ಲ, ರುಚಿನೂ ಇಲ್ಲ. ಪುಡಿಯಿಂದ ರುಚಿ ಎಳೆದು ತರೋಕೆ ನೀರಲ್ಲಿ ಒಂದಿಷ್ಟು ಖನಿಜ ಬೇಕೇ ಬೇಕು, ಇಲ್ಲದಿದ್ರೆ ಕಾಫಿ ಸಪ್ಪೆ. ಪೂರ್ತಿ ಖನಿಜ ಕಳ್ಕೊಂಡ ನೀರು ಲೋಹದ ಭಾಗಗಳಿಗೂ ಒಳ್ಳೇದಲ್ಲ. ನಾನು ಈಗ ಆರ್‌ಒ ನೀರಿಗೆ ಮಾಮೂಲಿ ನೀರು ಬೆರೆಸಿ 50ರಿಂದ 100 ಪಿಪಿಎಂ ಗಡಸುತನದ ಮಧ್ಯೆ ಎಲ್ಲೋ ನಿಲ್ಲಿಸ್ತೀನಿ, ಪಟ್ಟಿ ಅದ್ದಿ ನೋಡಿ ಒಂದ್ಸಲ ಅಳತೆ ಗೊತ್ತಾದ್ರೆ ಆಮೇಲೆ ಕಣ್ಣಂದಾಜೇ ಸಾಕು.

ಟ್ಯಾಂಕ್ ಒಳಗೆ ಹಾಕೋ ಫಿಲ್ಟರ್ ಒಳ್ಳೇದೇ, ಆದ್ರೆ ಅದಕ್ಕೂ ಆಯಸ್ಸಿದೆ, ಬಹಳಷ್ಟಕ್ಕೆ ಎರಡು ತಿಂಗಳು ಆಸುಪಾಸು. ಹಾಕೋ ಮುಂಚೆ ನೀರಲ್ಲಿ ಮುಳುಗಿಸಿ ಗುಳ್ಳೆ ಹೋಗೋವರೆಗೂ ಅಲ್ಲಾಡಿಸಿ, ಒಳಗೆ ಗಾಳಿ ಉಳಿದ್ರೆ ಪಂಪಿಗೆ ನೀರು ಸಿಗಲ್ಲ. ಮತ್ತೆ ಮೆನುವಲ್ಲಿ ಫಿಲ್ಟರ್ ಇದೆ ಅಂತ ಹೇಳಿ, ತೆಗೆದಾಗ ಇಲ್ಲ ಅಂತಲೂ ಹೇಳಿ. ಇದೇ ದೊಡ್ಡ ಹಳ್ಳ. ಫಿಲ್ಟರ್ ಇದೆ ಅಂದ್ಕೊಂಡ ಮಷೀನ್ ಸುಣ್ಣದ ಲೈಟನ್ನ ಬಹಳ ತಡವಾಗಿ ತೋರಿಸುತ್ತೆ, ಒಳಗೆ ಫಿಲ್ಟರ್ ಎಂದೋ ಸತ್ತಿರುತ್ತೆ.

ಸುಣ್ಣ ತೆಗೆಯೋದು ಅಂದ್ರೆ ಟ್ಯಾಂಕಿಗೆ ಆಸಿಡ್ ಹಾಕಿ ಮಷೀನ್ ಒಳಗೆಲ್ಲ ಹಾಯಿಸೋದು. ಆ ದಿನ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಡುವು ಇಟ್ಕೊಳ್ಳಿ, ಕರೆಂಟ್ ಹೋಗೋ ಹೊತ್ತಲ್ಲಿ ಶುರು ಮಾಡ್ಬೇಡಿ, ಮಧ್ಯದಲ್ಲಿ ನಿಂತ್ರೆ ಆಸಿಡ್ ಒಳಗೇ ಕೂರುತ್ತೆ, ಮತ್ತೆ ಮೊದಲಿಂದ ಮಾಡ್ಬೇಕು. ಟ್ಯಾಂಕ್ ಫಿಲ್ಟರ್ ತೆಗೆದಿಡಿ (ಮರೆತ್ರೆ ಫಿಲ್ಟರ್ ಹಾಳು, ಆಸಿಡ್ಡಿನ ಶಕ್ತಿನೂ ಅದರಲ್ಲೇ ಖರ್ಚು). ಮೂತಿ ಕೆಳಗೆ ಎರಡು ಲೀಟರ್ ಹಿಡಿಯೋ ಪಾತ್ರೆ ಇಡಿ. ಕಂಪನಿ ಲಿಕ್ವಿಡ್ ದುಬಾರಿ ಅನ್ನಿಸಿದ್ರೂ ಗ್ಯಾರಂಟಿ ಇರೋವರೆಗೂ ಅದನ್ನೇ ಬಳಸಿ. ವಿನಿಗರ್ ಬೇಡ, ದಯವಿಟ್ಟು, ನಿಧಾನ, ವಾಸನೆ ವಾರಗಟ್ಲೆ ಕಾಫೀಲಿ ಬರುತ್ತೆ, ರಬ್ಬರ್ ಸೀಲುಗಳಿಗೂ ಕೆಟ್ಟದ್ದು. ಸಿಟ್ರಿಕ್ ಆಸಿಡ್ ಸುಣ್ಣ ಕರಗಿಸೋದು ನಿಜ, ಆದ್ರೆ ಬಿಸಿಯಾದಾಗ ಅದೇ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಇನ್ನೊಂದು ಪುಡಿಯಾಗಿ ಕೂರೋ ಸಾಧ್ಯತೆ ಇದೆ, ಕೊಳವೆ ಬಿಡಿಸೋಕೆ ಹೋಗಿ ಕಟ್ಟಿಸಿಕೊಂಡ ಹಾಗೆ. ಅದಕ್ಕೇ ಕೆಲವು ಕಂಪನಿ ಲ್ಯಾಕ್ಟಿಕ್ ಆಸಿಡ್ ಕೊಡೋದು. ಮಷೀನ್ ಕೆಳಗಿನ ಕಲ್ಲು ಮಾರ್ಬಲ್ ಆಗಿದ್ರೆ ಒಂದು ದಪ್ಪ ಬಟ್ಟೆ ಹಾಸಿ, ಒಂದು ಹನಿ ಬಿದ್ರೂ ಹೊಳಪು ಹೋದ ಕಲೆ ಅಲ್ಲೇ ಉಳಿಯುತ್ತೆ. ನಮ್ಮ ಅಡುಗೆಮನೇಲಿ ಉಳಿದಿದೆ.

ಬ್ರೂ ಗ್ರೂಪ್

ಪುಡಿಯನ್ನ ಒತ್ತಿ, ನೀರು ಹಾಯಿಸಿ, ಬಿಲ್ಲೆ ಹೊರಗೆ ತಳ್ಳೋ ಭಾಗ ಇದು, ಮಷೀನಿನ ಹೊಟ್ಟೆ ಅಂತಲೇ ಅನ್ನಿ. ಫಿಲಿಪ್ಸ್, ಡೆಲಾಂಗಿ, ಗಾಜಿಯಾ ಮಷೀನ್‌ಗಳಲ್ಲಿ ಸಾಮಾನ್ಯವಾಗಿ ಪಕ್ಕದ ಬಾಗಿಲು ತೆಗೆದ್ರೆ ಇದು ಕೈಗೆ ಬರುತ್ತೆ. ಯೂರಾ ಥರದವಲ್ಲಿ ಒಳಗೇ ಮುಚ್ಚಿಟ್ಟಿರ್ತಾರೆ, ಅದಕ್ಕೆ ಕ್ಲೀನಿಂಗ್ ಮಾತ್ರೆ ಹಾಕಿ ಪ್ರೋಗ್ರಾಂ ಓಡಿಸೋದೊಂದೇ ದಾರಿ. ಯಾವುದು ಒಳ್ಳೇದು ಅಂತ ಜಗಳ ಮುಗಿಯಲ್ಲ, ನನಗಂತೂ ಕಣ್ಣಾರೆ ನೋಡಿ ತೊಳೆಯೋದೇ ಸಮಾಧಾನ.

ವಾರಕ್ಕೊಮ್ಮೆ ಹೊರಗೆ ತೆಗೀಬೇಕು. ಬಟನ್ ಒತ್ತಿ ಆಫ್ ಮಾಡಿ, ಒಳಗೆ ಜುಯ್ ಅಂತ ಸದ್ದು ಬಂದು ಅದು ತನ್ನ ಜಾಗಕ್ಕೆ ಹೋಗಿ ನಿಲ್ಲೋವರೆಗೂ ಕಾಯಿರಿ, ಆಮೇಲೆ ಬಾಗಿಲು ತೆಗೆದು ಕ್ಲಿಪ್ ಒತ್ತಿ ಎಳೀರಿ. ಗೋಡೆ ಸ್ವಿಚ್ ಸೀದಾ ಆಫ್ ಮಾಡಿದ್ರೆ ಅದು ಅರ್ಧ ದಾರೀಲೇ ನಿಂತಿರುತ್ತೆ, ಎಷ್ಟು ಎಳೆದ್ರೂ ಬರಲ್ಲ. ಎಳೆದಾಡ್ಬೇಡಿ, ವಾಪಸ್ ಆನ್ ಮಾಡಿ ಬಟನ್‌ನಿಂದಲೇ ಆಫ್ ಮಾಡಿ. ಉಗುರು ಬೆಚ್ಚಗಿನ ನೀರಲ್ಲಿ ನಲ್ಲಿ ಕೆಳಗೆ ಹಿಡಿದು ತೊಳೀರಿ, ಜರಡಿಯ ಸಣ್ಣ ತೂತುಗಳನ್ನ ಬೆರಳಲ್ಲಿ ಉಜ್ಜಿ. ಸೋಪು ಬೇಡ, ಡಿಶ್‌ವಾಷರ್ ಅಂತೂ ಬೇಡವೇ ಬೇಡ, ಎರಡೂ ಜಾರೋಕೆ ಹಾಕಿರೋ ಗ್ರೀಸನ್ನ ತೊಳೆದು ಹಾಕುತ್ತೆ. ಮಷೀನ್ ಒಳಗೆ ಉದುರಿರೋ ಪುಡಿಯನ್ನ ಒಣ ಬ್ರಶ್‌ನಲ್ಲಿ ಗುಡಿಸಿ, ನೀರು ಹಾಕ್ಬೇಡಿ.

ಆಮೇಲೆ ಒಣಗಿಸಿ. ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕಿತ್ತು. ಮೂರು ವಾರ ಊರಲ್ಲಿ ಇರಲಿಲ್ಲ, ಹೋಗೋ ಅವಸರದಲ್ಲಿ ತೊಳೆದು ಒದ್ದೆಯಾಗೇ ಒಳಗೆ ಸಿಕ್ಕಿಸಿ, ಟ್ಯಾಂಕಲ್ಲಿ ನೀರು, ಡಬ್ಬದಲ್ಲಿ ನಾಲ್ಕು ಬಿಲ್ಲೆ ಹಾಗೇ ಬಿಟ್ಟು ಹೋಗಿದ್ದೆ. ವಾಪಸ್ ಬಂದು ಬಾಗಿಲು ತೆಗೆದ್ರೆ ಒಳಗೆ ಹಸಿರು, ಬಿಳಿ, ಬೂದಿ ಬಣ್ಣದ ಹತ್ತಿ. ಎರಡು ದಿನ ಉಜ್ಜಿದೀನಿ. ಆಗಲೂ ಸ್ಕ್ರೀನ್ ಮೇಲೆ ಹಸಿರು ಲೈಟು, ನಾನು ರೆಡಿ ಅಂತ. ಈಗ ಊರಿಗೆ ಹೋಗೋದಿದ್ರೆ ಟ್ಯಾಂಕು, ಟ್ರೇ, ಡಬ್ಬ ಖಾಲಿ ಮಾಡಿ ಒರೆಸಿ, ಬ್ರೂ ಗ್ರೂಪ್ ಹೊರಗೆ ಬಟ್ಟೆ ಮೇಲೆ ಇಟ್ಟು, ಬಾಗಿಲು ತೆರೆದೇ ಹೋಗ್ತೀನಿ. ಮಾಮೂಲಿ ವಾರದ ತೊಳೆತಕ್ಕೆ ರಾತ್ರಿ ತೆಗೆದು ಬೆಳಿಗ್ಗೆ ಹಾಕಿದ್ರೆ ಸಾಕು.

ಜಾರೋ ಹಳಿ, ಪಿಸ್ಟನ್, ರಬ್ಬರ್ ರಿಂಗಿಗೆ ಆಗಾಗ ಗ್ರೀಸ್ ಹಚ್ಬೇಕು, ತಿಂಗಳಿಗೋ ಎರಡು ತಿಂಗಳಿಗೋ, ನೀವು ಎಷ್ಟು ಕುಡೀತೀರ ಅನ್ನೋದರ ಮೇಲೆ. ಆಹಾರಕ್ಕೆ ತಾಗಿದ್ರೂ ತೊಂದ್ರೆ ಇಲ್ಲದ ಸಿಲಿಕೋನ್ ಗ್ರೀಸ್ ಅಂತ ಕೇಳಿ ತಗೊಳ್ಳಿ. ಅಡುಗೆ ಎಣ್ಣೆ ಹಚ್ಚಿದವರನ್ನ ನೋಡಿದೀನಿ, ಅದು ಕೆಲವೇ ವಾರದಲ್ಲಿ ಅಂಟು ಅಂಟಾಗಿ ಕಮಟು ವಾಸನೆ ಹೊಡೆಯುತ್ತೆ. ವ್ಯಾಸಲೀನ್ ಥರದ್ದು ರಬ್ಬರನ್ನ ಉಬ್ಬಿಸುತ್ತೆ. ಬೆರಳ ತುದೀಲಿ ತೆಳ್ಳಗೆ ಸವರಿದ್ರೆ ಆಯ್ತು, ಬೆಣ್ಣೆ ಮೆತ್ತಿದ ಹಾಗೆ ಮೆತ್ತಿದ್ರೆ ಪುಡಿಯೆಲ್ಲ ಅದಕ್ಕೇ ಅಂಟುತ್ತೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ. ಸುಣ್ಣ ತೆಗೆಯೋದು ಬೇರೆ, ಜಿಡ್ಡು ತೆಗೆಯೋದು ಬೇರೆ. ಸುಣ್ಣ ಹೋಗೋದು ಆಸಿಡ್‌ಗೆ, ಅದು ನೀರಿನ ಟ್ಯಾಂಕಿಗೆ. ಕಾಫಿ ಎಣ್ಣೆಯ ಜಿಡ್ಡು ಹೋಗೋದು ಕ್ಷಾರದ ಮಾತ್ರೆಗೆ, ಅದು ಪುಡಿ ಹಾಕೋ ಬಾಯಿಗೆ (ಬೀಜದ ಬದಲು ರೆಡಿ ಪುಡಿ ಹಾಕೋಕೆ ಇರೋ ತೂತು). ಒಂದು ಮಾಡಿದ್ರೆ ಇನ್ನೊಂದು ಮಾಡಿದ ಹಾಗಾಗಲ್ಲ. ಕಾಫಿ ಎಂಥ ಬೀಜ ಹಾಕಿದ್ರೂ ಹಳೇ ಎಣ್ಣೆ ಥರ ಕಹಿ ಬರ್ತಿದ್ರೆ ಜಿಡ್ಡು ಅಂತ ಲೆಕ್ಕ, ತಿಂಗಳಿಗೊಂದು ಮಾತ್ರೆ ಹಾಕಿ.

ಬೀಜ, ಗ್ರೈಂಡರ್, ಸೆಟ್ಟಿಂಗ್

ಕನ್ನಡಿ ಥರ ಹೊಳೆಯೋ ಕಪ್ಪು ಬೀಜ ಬೇಡ. ಆ ಹೊಳಪು ಎಣ್ಣೆ, ಗ್ರೈಂಡರ್ ಗೋಡೆಗೆ ಪುಡಿ ಮೆತ್ತಿಕೊಂಡು ಬೀಜ ಕೆಳಗಿಳಿಯೋದೇ ನಿಲ್ಲುತ್ತೆ. ಸಕ್ಕರೆ ಲೇಪಿಸಿ ಹುರಿದಿದ್ದು, ಫ್ಲೇವರ್ ಹಾಕಿದ್ದು ಇನ್ನೂ ಕೆಟ್ಟದು. ಮಧ್ಯಮ ಹುರಿತ, ಮುಟ್ಟಿದ್ರೆ ಬೆರಳು ಒಣಗಿರ್ಬೇಕು, ಹುರಿದು ಒಂದು ವಾರ ಆಗಿ ಒಂದೂವರೆ ತಿಂಗಳು ದಾಟದೇ ಇರೋದು ನೋಡಿ. ಹಾಪರ್, ಅಂದ್ರೆ ಮೇಲೆ ಬೀಜ ಹಾಕೋ ಡಬ್ಬ, ಪೂರ್ತಿ ತುಂಬಿಸಿಡೋದು ನೋಡೋಕೆ ಚೆಂದ, ಆದ್ರೆ ಕೆಳಗಿಂದ ಮಷೀನಿನ ಶಾಖ ತಾಗ್ತಾ ಇರುತ್ತೆ, ವಾಸನೆ ಹಾರಿಹೋಗುತ್ತೆ, ಎರಡು ಮೂರು ದಿನಕ್ಕೆ ಸಾಕಾಗೋಷ್ಟು ಹಾಕಿ ಉಳಿದಿದ್ದು ಗಾಳಿಯಾಡದ ಡಬ್ಬದಲ್ಲಿಡಿ. ಹಾಕೋ ಮುಂಚೆ ತಟ್ಟೇಲಿ ಹರವಿ ಒಂದ್ಸಲ ಕಣ್ಣಾಡಿಸಿ, ಅಪರೂಪಕ್ಕೆ ಸಣ್ಣ ಕಲ್ಲು ಸಿಗುತ್ತೆ, ಸೆರಾಮಿಕ್ ಗ್ರೈಂಡರ್ ಆದ್ರೆ ಒಂದೇ ಕಲ್ಲಿಗೆ ಅಂಚು ಚಕ್ಕೆ ಎದ್ದುಹೋಗಬಹುದು.

ಮನೆಗೆ ಬಂದವರೊಬ್ಬರು ಸಹಾಯ ಮಾಡೋಕೆ ಹೋಗಿ ಬೀಜದ ಹಾಪರಿಗೆ ನೀರು ಸುರಿದಿದ್ರು. ನಿಮಗೂ ಹೀಗಾದ್ರೆ ಆನ್ ಮಾಡ್ಲೇಬೇಡಿ, ಪ್ಲಗ್ ಕಿತ್ತು ಬೀಜ ತೆಗೆದು ಬಟ್ಟೇಲಿ ಹೀರಿಸಿ ಒಳಗೆ ಪೂರ್ತಿ ಒಣಗೋವರೆಗೂ ಬಿಡಿ, ಪುಡಿ ಜೊತೆ ನೀರು ಸೇರಿ ಗ್ರೈಂಡರಲ್ಲಿ ಗಟ್ಟಿಯಾದ್ರೆ ಬಿಚ್ಚಿಸಲೇಬೇಕು. ಪುಡಿ ಹಾಕೋ ಬಾಯಿಗೂ ಒಂದೇ ಚಮಚ, ಇನ್‌ಸ್ಟಂಟ್ ಪುಡಿ ಯಾವತ್ತೂ ಇಲ್ಲ, ಒಳಗೇ ಕರಗಿ ಅಂಟಾಗುತ್ತೆ.

ಗ್ರೈಂಡ್ ಸೆಟ್ಟಿಂಗ್ ತಿರುಗಿಸೋದು ಗ್ರೈಂಡರ್ ಓಡ್ತಾ ಇರುವಾಗ ಮಾತ್ರ, ಅದೂ ಒಂದೊಂದೇ ಹೆಜ್ಜೆ. ನಿಂತಾಗ ತಿರುಗಿಸಿದ್ರೆ ಹಲ್ಲಿನ ಮಧ್ಯೆ ಇರೋ ಬೀಜ ಅಡ್ಡ ಬಂದು ಹಿಡಿ ಮುರಿಯುತ್ತೆ. ಬದಲಾಯಿಸಿದ ತಕ್ಷಣದ ಕಪ್ ಕುಡಿದು ತೀರ್ಪು ಕೊಡ್ಬೇಡಿ, ದಾರೀಲಿ ಹಳೇ ಪುಡಿ ಇರುತ್ತೆ, ಎರಡು ಮೂರು ಕಪ್ ಬಿಟ್ಟು ನೋಡಿ. ನಾಲಿಗೆಗೆ ಹುಳಿ ಹುಳಿ, ನೀರು ನೀರು ಅನ್ನಿಸಿದ್ರೆ ಇನ್ನೂ ನುಣ್ಣಗೆ ಮಾಡಿ. ಕಹಿ, ಒಗರು, ಹನಿ ಹನಿಯಾಗಿ ಬೀಳ್ತಿದ್ರೆ ತರಿ ಮಾಡಿ. ಮೊದಲ ಹನಿಯಿಂದ ಎಣಿಸಿದ್ರೆ 20ರಿಂದ 30 ಸೆಕೆಂಡಲ್ಲಿ 30-40 ಎಂಎಲ್ ಬಂದ್ರೆ ಹತ್ರ ಬಂದಿದೀರ ಅಂತ.

ಮತ್ತೆ ಆ ಎಂಎಲ್. ಫ್ಯಾಕ್ಟರಿ ಸೆಟ್ಟಿಂಗಲ್ಲಿ ನೀರು ಜಾಸ್ತಿ ಇರೋದು ಮಾಮೂಲಿ, ಅದನ್ನ ಇಳಿಸಿದ್ರೆ ಗ್ರೈಂಡ್ ಮುಟ್ಟದೇನೇ ಅರ್ಧ ಸುಧಾರಿಸುತ್ತೆ. ದೊಡ್ಡ ಕಪ್ ಬೇಕಂದ್ರೆ ಅದೇ ಪುಡಿ ಮೇಲೆ ನೀರು ಓಡಿಸ್ತಾ ಹೋಗ್ಬೇಡಿ, ಕೊನೆಗೆ ಬರೋದು ಬರೀ ಕಹಿ, ಸಣ್ಣ ಎಸ್ಪ್ರೆಸೊ ಇಳಿಸಿ ಬಿಸಿನೀರು ಬೇರೆ ಸೇರಿಸಿ. ಬಾಕ್ಸ್ ಮೇಲೆ 15 ಬಾರ್, 19 ಬಾರ್ ಅಂತ ದಪ್ಪಗೆ ಬರೆದಿರೋದಕ್ಕೆ ತಲೆ ಕೆಡಿಸ್ಕೊಳ್ಬೇಡಿ, ಅದು ಪಂಪು ಕೊಡಬಹುದಾದ ಗರಿಷ್ಠ ಒತ್ತಡ, ಎಸ್ಪ್ರೆಸೊಗೆ ಬೇಕಿರೋದು ಪುಡಿ ಮೇಲೆ 9 ಬಾರ್ ಆಸುಪಾಸು.

ಹಾಲು

ಹಾಲು ಎಳೆದು ನೊರೆ ಮಾಡೋ ಭಾಗವನ್ನ ಕಾಫಿ ಕುಡಿದ ತಕ್ಷಣ ತೊಳೀಬೇಕು, ಆಮೇಲೆ ಅಂದ್ರೆ ಆಗಲ್ಲ, ಅಷ್ಟೇ ವಿಷ್ಯ. ಬಿಸಿಯಾದ ಹಾಲು ಪೈಪಲ್ಲಿ ಒಣಗಿದ್ರೆ ಕಲ್ಲಾಗುತ್ತೆ, ಹುಳಿ ವಾಸನೆ ಬರೋಷ್ಟರಲ್ಲಿ ತಡ ಆಗಿರುತ್ತೆ. ಮಷೀನಿನ ಕ್ಲೀನ್ ಬಟನ್ ಒತ್ತಿದ್ರೆ ಬಿಸಿನೀರು ಹಾಯುತ್ತೆ ನಿಜ, ಆದ್ರೂ ದಿನದ ಕೊನೆಗೆ ಬಿಚ್ಚಿ ತೊಳೀರಿ. ನೊರೆ ಬರದೆ ಬರೀ ಬಿಸಿ ಹಾಲು ಬರ್ತಿದ್ರೆ ಗಾಳಿ ಎಳೆಯೋ ಸಣ್ಣ ತೂತು ಕಟ್ಟಿರುತ್ತೆ, ಪಿನ್ನಲ್ಲಿ ಮೆಲ್ಲಗೆ ಬಿಡಿಸಿದ್ರೆ ಸರಿಹೋಗುತ್ತೆ. ಹಾಲು ಫ್ರಿಜ್ಜಿಂದ ಸೀದಾ ಬಂದಷ್ಟು ನೊರೆ ಚೆನ್ನಾಗಿರುತ್ತೆ. ಸ್ಟೀಮ್ ಕೊಳವೆ ಇರೋ ಮಷೀನಾದ್ರೆ ನೊರೆ ಆದ್ಮೇಲೆ ಎರಡು ಸೆಕೆಂಡ್ ಖಾಲಿ ಸ್ಟೀಮ್ ಬಿಡಿ, ಒಳಗೆ ಹೀರಿಕೊಂಡ ಹಾಲು ಹೊರಗೆ ಬರಲಿ.

ಕೈಕೊಟ್ಟಾಗ

ಸರ್ವಿಸ್‌ಗೆ ಫೋನ್ ಮಾಡೋ ಮುಂಚೆ ಇಷ್ಟು ನೋಡ್ಕೊಳ್ಳಿ. ಪಂಪು ಸದ್ದು ಮಾಡ್ತಿದೆ ನೀರು ಬರ್ತಿಲ್ಲ ಅಂದ್ರೆ ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿ ಗಾಳಿ ಹಿಡಿದಿರುತ್ತೆ, ಟ್ಯಾಂಕ್ ತುಂಬಿಸಿ ಒತ್ತಿ ಕೂರಿಸಿ ಬರೀ ಬಿಸಿನೀರಿನ ಬಟನ್ ಎರಡು ಮೂರು ಸಲ ಓಡಿಸಿ. ಟ್ಯಾಂಕ್ ಫಿಲ್ಟರ್ ತೆಗೆದಾಗ ನೀರು ಬಂದ್ರೆ ತಪ್ಪು ಫಿಲ್ಟರಿಂದೇ. ಬಿಸಿನೀರು ಸರಿಯಾಗಿ ಬಂದು ಕಾಫಿ ಮಾತ್ರ ಬರ್ತಿಲ್ಲ ಅಂದ್ರೆ ಗ್ರೈಂಡ್ ಬಹಳ ನುಣ್ಣಗಿದೆ, ಇಲ್ಲಾ ಬ್ರೂ ಗ್ರೂಪ್ ಜರಡಿ ಕಟ್ಟಿದೆ. ಗ್ರೈಂಡರ್ ಸದ್ದು ಇದ್ದಕ್ಕಿದ್ದಂತೆ ಕೀರಲಾದ್ರೆ ಮೊದಲು ಬೀಜ ಇದೆಯಾ ನೋಡಿ, ಎಣ್ಣೆ ಬೀಜ ಮೇಲೆ ಕಾಣುತ್ತೆ, ಒಳಗೆ ಸೇತುವೆ ಥರ ಕಟ್ಟಿ ಕೆಳಗಿಳಿದಿರಲ್ಲ, ಆಫ್ ಮಾಡಿ ಚಮಚದ ಹಿಡೀಲಿ ಕೆದಕಿ. ಬಿಲ್ಲೆ ಒದ್ದೆಯಾಗಿದೆ, ಒಡೆದಿದೆ ಅಂತ ಕೊರಗೋರು ಬಹಳ, ಕಪ್ಪಲ್ಲಿ ರುಚಿ ಸರಿ ಇದ್ರೆ ಬಿಟ್ಟಾಕಿ.

ಆದ್ರೆ ಕಪ್ಪಿಗೆ ಬರೋ ಕಾಫಿ ದಿನೇ ದಿನೇ ಕಮ್ಮಿಯಾಗಿ, ಅದೇ ಹೊತ್ತಲ್ಲಿ ಟ್ರೇಲಿ ಕಂದು ನೀರು ಜಾಸ್ತಿಯಾಗ್ತಿದ್ರೆ ಬ್ರೂ ಗ್ರೂಪಿನ ರಬ್ಬರ್ ರಿಂಗ್ ಸವೆದಿದೆ ಅಂತ ಗುಮಾನಿ ಪಡಿ. ಮಷೀನ್ ಪ್ರಕಾರ ಅದು ಕಳಿಸಬೇಕಾದ ನೀರೆಲ್ಲ ಕಳಿಸಿದೆ, ಕಪ್ಪಿಗೆ ಎಷ್ಟು ಹೋಯ್ತು, ಪಕ್ಕಕ್ಕೆ ಎಷ್ಟು ಸೋರ್ತು ಅದಕ್ಕೆ ಗೊತ್ತಿಲ್ಲ. ರಿಂಗ್ ಬಹಳ ಸಣ್ಣ ಸಾಮಾನು, ಮಾಡೆಲ್ ನಂಬರ್ ಹೇಳಿದ್ರೆ ಸಿಗುತ್ತೆ, ಹಳೇದನ್ನ ಟೂತ್‌ಪಿಕ್‌ನಲ್ಲಿ ಎತ್ತಿ ತೆಗೀರಿ (ಚಾಕು ಬೇಡ, ಗೀರು ಬಿದ್ರೆ ಹೊಸ ರಿಂಗೂ ಸೋರುತ್ತೆ), ಕೂರೋ ಜಾಗ ಒರೆಸಿ, ಹೊಸದಕ್ಕೆ ಚೂರು ಗ್ರೀಸ್ ಸವರಿ ತಿರುಚದ ಹಾಗೆ ಕೂರಿಸಿ. ಹತ್ತು ನಿಮಿಷದ ಕೆಲಸ.